ಕೂಗದ ಕೊರತೆ

ಐಸಿಯು ಹೊರಗಿನ ಬೆಂಚಿನ ಮೇಲೆ ನಾಲ್ಕು ದಿನ ಕೂತವರಿಗೆ ರಸಾಯನಶಾಸ್ತ್ರದ ಎರಡು ಹೆಸರು ತಾವಾಗಿಯೇ ಬಾಯಿಗೆ ಬರುತ್ತವೆ: ಸೋಡಿಯಂ, ಪೊಟ್ಯಾಶಿಯಂ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ "ನಿನ್ನೆ ಸೋಡಿಯಂ ಇಳಿದಿತ್ತಂತೆ, ಇವತ್ತು ಸ್ವಲ್ಪ ಏರಿದೆಯಂತೆ" ಎಂದು ಊರಿಗೆ ಫೋನ್ ಮಾಡಿ ಹೇಳುತ್ತಾಳೆ. ಮೆಗ್ನೀಸಿಯಂ ಹೆಸರನ್ನು ಮಾತ್ರ ಆ ಬೆಂಚಿನ ಮೇಲೆ ಎತ್ತುವವರು ಕಡಿಮೆ. ವೈದ್ಯಕೀಯ ಬರಹಗಳಲ್ಲೇ ಅದನ್ನು 'ಮರೆತುಹೋದ' ಲವಣಾಂಶ ಎಂದು ಕರೆಯುವ ರೂಢಿ ಇದೆ. ದಿನವೂ ಕಳಿಸುವ ರಕ್ತಪರೀಕ್ಷೆಯ ಪಟ್ಟಿಯಲ್ಲಿ ಅನೇಕ ಕಡೆ ಅದು ಇರುವುದಿಲ್ಲ. ವೈದ್ಯರು ಬೇರೆಯಾಗಿ ಬರೆದು ಕೇಳಿದರೆ ಮಾತ್ರ ಲ್ಯಾಬಿನವರು ನೋಡುತ್ತಾರೆ.

ನಾನು ವೈದ್ಯನಲ್ಲ, ಎಂ.ಟೆಕ್ ಓದಿ ಐಟಿ ಪ್ರಾಜೆಕ್ಟುಗಳನ್ನು ನಡೆಸುವವನು. ಈ ವಿಷಯದ ಬೆನ್ನು ಹತ್ತಿದ್ದು ಒಬ್ಬರು ಕೇಳಿದ ಒಂದು ಪ್ರಶ್ನೆಯಿಂದ. ಮೇಲುನೋಟಕ್ಕೆ ಅದು ವೈದ್ಯಕೀಯದ ಪ್ರಶ್ನೆ, ಬಿಡಿಸುತ್ತ ಹೋದಂತೆ ನೀತಿಯ ಪ್ರಶ್ನೆ ಅನ್ನಿಸಿತು. ಅದಕ್ಕೆ ಬರುವ ಮೊದಲು ಗೊತ್ತಿರುವ ಸಂಗತಿಗಳನ್ನು ಮುಂದಿಡುತ್ತೇನೆ.

2011ರ ಜನವರಿಯಲ್ಲಿ ಭಾರತೀಯ ವೈದ್ಯರ ಸಂಘದ ಪತ್ರಿಕೆಯಲ್ಲಿ ಮುಂಬಯಿಯ ವೈದ್ಯರ ಒಂದು ಅಧ್ಯಯನ ಪ್ರಕಟವಾಯಿತು. ಐಸಿಯುಗೆ ದಾಖಲಾದ 100 ರೋಗಿಗಳ ರಕ್ತದಲ್ಲಿ ಮೆಗ್ನೀಸಿಯಂ ಎಷ್ಟಿದೆ ಎಂದು ದಾಖಲಾದಾಗಲೇ ನೋಡಿದ್ದರು. 52 ಜನರಲ್ಲಿ ಕಡಿಮೆ ಇತ್ತು, 41 ಜನರಲ್ಲಿ ಸರಿಯಾಗಿತ್ತು, 7 ಜನರಲ್ಲಿ ಹೆಚ್ಚಿತ್ತು. ಕಡಿಮೆ ಇದ್ದವರಲ್ಲಿ ಶೇ. 57.7ರಷ್ಟು ಜನ ತೀರಿಕೊಂಡರು; ಸರಿಯಾಗಿದ್ದವರಲ್ಲಿ ಶೇ. 31.7ರಷ್ಟು. ವೆಂಟಿಲೇಟರ್ ಬೇಕಾದವರು ಮೊದಲ ಗುಂಪಿನಲ್ಲಿ ಶೇ. 73, ಎರಡನೆಯದರಲ್ಲಿ ಶೇ. 53.

ಇಷ್ಟು ಓದಿದ ಯಾರಿಗಾದರೂ ಅನ್ನಿಸುವುದು, ಮೆಗ್ನೀಸಿಯಂ ಎಲ್ಲರಿಗೂ ಕೊಟ್ಟುಬಿಡಬಾರದೇ ಎಂದು. ಅದೇನು ಚಿನ್ನವಲ್ಲ. ಇಂಜೆಕ್ಷನ್‌ನಲ್ಲಿ ಕೊಡುವ ಮೆಗ್ನೀಸಿಯಂ ಸಲ್ಫೇಟ್ ಅಂದರೆ ನಮ್ಮ ಹಿರಿಯರು ಭೇದಿಗೆ ಕುಡಿಯುತ್ತಿದ್ದ ಎಪ್ಸಮ್ ಸಾಲ್ಟಿನದೇ ಶುದ್ಧ ರೂಪ. ಆದರೆ ಅದೇ ಅಧ್ಯಯನದಲ್ಲಿ ಇನ್ನೂ ಕೆಲವು ಅಂಕಿಗಳಿವೆ. ಸೆಪ್ಸಿಸ್ ಇದ್ದವರು ಮೊದಲ ಗುಂಪಿನಲ್ಲಿ ಶೇ. 38, ಎರಡನೆಯದರಲ್ಲಿ ಶೇ. 19. ಸಕ್ಕರೆ ಕಾಯಿಲೆಯವರು ಮೊದಲ ಗುಂಪಿನಲ್ಲಿ ಶೇ. 27, ಎರಡನೆಯದರಲ್ಲಿ ಶೇ. 14. ಅಂದರೆ ಮೆಗ್ನೀಸಿಯಂ ಕಡಿಮೆ ಇದ್ದವರು ಮೊದಲೇ ಹೆಚ್ಚು ಜರ್ಜರಿತರಾಗಿ ಬಂದಿದ್ದರು. ಮೆಗ್ನೀಸಿಯಂ ಇಳಿದದ್ದರಿಂದ ಸಾವು ಬಂತೋ, ಸಾವಿನ ಕಡೆ ಹೊರಟ ದೇಹದಲ್ಲಿ ಮೆಗ್ನೀಸಿಯಂ ಇಳಿಯಿತೋ? ಇಬ್ಬರು ಜೊತೆಯಾಗಿ ನಡೆಯುತ್ತಿದ್ದಾರೆ ಎಂದಷ್ಟೇ ಆ ಅಂಕಿಗಳು ಹೇಳುತ್ತವೆ. ಯಾರು ಯಾರನ್ನು ಕರೆದುಕೊಂಡು ಹೊರಟಿದ್ದಾರೆ ಎಂಬುದನ್ನು ಹೇಳುವುದಿಲ್ಲ.

ಇನ್ನೊಂದು ತೊಡಕಿದೆ. ದೊಡ್ಡವರ ಮೈಯಲ್ಲಿ ಸುಮಾರು 25 ಗ್ರಾಂ ಮೆಗ್ನೀಸಿಯಂ ಇರುತ್ತದೆ. ಅರ್ಧಕ್ಕಿಂತ ಹೆಚ್ಚು ಎಲುಬಿನಲ್ಲಿ, ಉಳಿದದ್ದರಲ್ಲಿ ಬಹುಪಾಲು ಸ್ನಾಯುಗಳಲ್ಲಿ, ಜೀವಕೋಶಗಳ ಒಳಗೆ. ರಕ್ತದಲ್ಲಿರುವುದು ಶೇ. 1ಕ್ಕಿಂತ ಕಡಿಮೆ. ನಾವು ಸಿರಿಂಜಿನಲ್ಲಿ ತೆಗೆದು ಅಳೆಯುವುದು ಈ ಚಿಲ್ಲರೆಯನ್ನು. ರಕ್ತದಲ್ಲಿ ಡೆಸಿಲೀಟರಿಗೆ ಸುಮಾರು 1.7ರಿಂದ 2.2 ಮಿಲಿಗ್ರಾಂ ಇದ್ದರೆ ರಿಪೋರ್ಟಿನಲ್ಲಿ 'ನಾರ್ಮಲ್' ಎಂದು ಬರುತ್ತದೆ. ಅಷ್ಟನ್ನು ಕಾಯ್ದುಕೊಳ್ಳಲು ದೇಹ ಎಲುಬಿನ ದಾಸ್ತಾನಿನಿಂದ ತೆಗೆದು ಕೊಡುತ್ತಿರಬಹುದು. ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ದಿನದ ಚಿಲ್ಲರೆ ಸರಿಯಾಗಿಯೇ ಇದ್ದು ಹಿಂದಿನ ಗೋದಾಮು ಖಾಲಿಯಾಗುತ್ತಿದ್ದ ಹಾಗೆ. ನಮ್ಮ ಐಟಿಯಲ್ಲಿ ಇದಕ್ಕೆ 'ವಾಟರ್‌ಮೆಲನ್ ಸ್ಟೇಟಸ್' ಅನ್ನುತ್ತಾರೆ: ವಾರದ ವರದಿಯಲ್ಲಿ ಪ್ರಾಜೆಕ್ಟು ಹಸಿರು, ಕೊಯ್ದು ನೋಡಿದರೆ ಒಳಗೆ ಕೆಂಪು.

ಇಷ್ಟಕ್ಕೂ ಈ ಲವಣ ಮಾಡುವ ಕೆಲಸವೇನು? ಜೀವಕೋಶಗಳು ಶಕ್ತಿಗಾಗಿ ಬಳಸುವ ಎಟಿಪಿ ಎಂಬ ಅಣು ಬಹುತೇಕ ಮೆಗ್ನೀಸಿಯಂ ಜೊತೆಗೂಡಿಯೇ ಕೆಲಸ ಮಾಡುತ್ತದೆ. ಮುನ್ನೂರಕ್ಕೂ ಹೆಚ್ಚು ಕಿಣ್ವಗಳಿಗೆ ಇದು ಬೇಕು. ಹೃದಯದ ಲಯಕ್ಕೆ, ನರ ಮತ್ತು ಸ್ನಾಯುಗಳ ಬಿಗಿ-ಸಡಿಲಕ್ಕೆ ಬೇಕು. ಮೂತ್ರಪಿಂಡದ ಕೆಲವು ಜೀವಕೋಶಗಳಲ್ಲಿ ಪೊಟ್ಯಾಶಿಯಂ ಹೊರಗೆ ಹೋಗುವ ಸಣ್ಣ ಬಾಗಿಲುಗಳಿವೆ. ಒಳಗಿನಿಂದ ಆ ಬಾಗಿಲಿಗೆ ಅಡ್ಡ ನಿಲ್ಲುವುದು ಮೆಗ್ನೀಸಿಯಂ. ಅದು ಕಡಿಮೆಯಾದರೆ ಬಾಗಿಲು ತೆರೆದುಕೊಂಡು ಪೊಟ್ಯಾಶಿಯಂ ಮೂತ್ರದಲ್ಲಿ ಹರಿದುಹೋಗುತ್ತದೆ. ಆಗ ಎಷ್ಟು ಪೊಟ್ಯಾಶಿಯಂ ಏರಿಸಿದರೂ ತೂತು ಕೊಡಕ್ಕೆ ನೀರು ಹೊಯ್ದಂತೆ. ಕೂಗಿಕೊಳ್ಳುವುದು ಪೊಟ್ಯಾಶಿಯಂ, ತೂತಿರುವುದು ಬೇರೆ ಕಡೆ.

ನನ್ನನ್ನು ಪ್ರಶ್ನೆ ಕೇಳಿದವನ ತಂದೆಗೆ ಆದದ್ದು ಇದೇ. ಊರಿನ ಕಡೆ ಕಲ್ಯಾಣ ಅಂದರೆ ಬಸವಕಲ್ಯಾಣ. ಇಲ್ಲಿನ ಕಲ್ಯಾಣ ನಮಗೆ ರೈಲಿನ ಜಂಕ್ಷನ್. ಕಲಬುರಗಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದವರು ಸೊಲ್ಲಾಪುರ, ಪುಣೆ ದಾಟಿ ಇಲ್ಲಿ ಇಳಿಯುತ್ತಾರೆ. ಕಟ್ಟಡದ ಕೆಲಸಕ್ಕೆ ಹಾಗೆ ಬಂದವನು ಈತ. ಮಗನನ್ನು ನೋಡಲು ಬಂದ ತಂದೆಗೆ ವಾಂತಿ-ಭೇದಿಯಾಗಿ, ನಿತ್ರಾಣವಾಗಿ, ಕಲ್ಯಾಣದ ಒಂದು ಆಸ್ಪತ್ರೆಯ ಐಸಿಯು ಸೇರಿದ್ದರು. ಡಾಕ್ಟರು ಮರಾಠಿ, ಹಿಂದಿಯಲ್ಲಿ ಹೇಳುವುದು, ರಿಪೋರ್ಟು ಇಂಗ್ಲಿಷಿನಲ್ಲಿ ಬರುವುದು. ಇದನ್ನು ಕನ್ನಡಕ್ಕೆ ತಂದು ಹೇಳಲು ಯಾರಾದರೂ ಬೇಕಲ್ಲ, ಪರಿಚಯದವರೊಬ್ಬರು ನನ್ನ ನಂಬರ್ ಕೊಟ್ಟಿದ್ದರು. ಈ ಊರುಗಳಲ್ಲಿ ನಾಲ್ಕಕ್ಷರ ಕಲಿತ ಕನ್ನಡಿಗರಿಗೆಲ್ಲ ಇಂಥ ಕೆಲಸ ಒಂದಲ್ಲ ಒಂದು ಸಲ ಬಂದೇ ಬರುತ್ತದೆ.

"ಸರ, ದಿನಾ ಬಾಟ್ಲಿ ಏರಿಸ್ಲತ್ತಾರ, ಪೊಟ್ಯಾಶಿಯಂ ಏರವಲ್ದು ಅಂತಾರ. ಎಲ್ಲಿ ಹೋಗ್ಲತ್ತದ್ರಿ ಅದು?" ಎಂದು ಆತ ಕೇಳಿದ್ದ. ಮೂರನೆಯ ದಿನ ಹೊಸದಾಗಿ ಡ್ಯೂಟಿಗೆ ಬಂದ ಡಾಕ್ಟರೊಬ್ಬರು ಮೆಗ್ನೀಸಿಯಂ ನೋಡಲು ಬರೆದರು. ಅದು ಬಹಳ ಕೆಳಗಿತ್ತು. ಅದನ್ನು ಕೊಟ್ಟ ಮೇಲೆ ಪೊಟ್ಯಾಶಿಯಂ ಕೂಡ ಏರಿತು. ಎರಡು ದಿನಕ್ಕೆ ಎರಡೂ ನಂಬರ್ ಸರಿಯಾದವು. ತಂದೆ ಉಳಿಯಲಿಲ್ಲ, ಸೋಂಕು ಮೈತುಂಬ ಹರಡಿತ್ತು. ಕಾಗದಪತ್ರ ಮುಗಿಸಿ ಕೆಳಗೆ ನಿಂತಾಗ ಆತ ಕೇಳಿದ: "ಮೊದ್ಲೇ ನೋಡಿದ್ರ ಅಪ್ಪ ಉಳಿತಿದ್ನೇನ್ರಿ?"

ಈ ಪ್ರಶ್ನೆಗೆ ಎರಡು ಸುಲಭದ ಉತ್ತರಗಳಿವೆ. "ಇಲ್ಲಪ್ಪ, ಅವರ ಆಯಸ್ಸು ಮುಗಿದಿತ್ತು" ಎಂದು ಹೇಳಿದರೆ ಅವನ ಮನಸ್ಸು ಒಂದಿಷ್ಟು ಹಗುರವಾಗುತ್ತದೆ. "ಹೌದು, ಮೂರು ದಿನ ಹಾಳು ಮಾಡಿದರು" ಎಂದರೆ ಅವನ ದುಃಖಕ್ಕೆ ಸಿಟ್ಟಿನ ಆಸರೆ ಸಿಗುತ್ತದೆ. ಎರಡನ್ನೂ ಹೇಳುವಷ್ಟು ತಿಳಿವಳಿಕೆ ನನ್ನ ಬಳಿ ಇರಲಿಲ್ಲ. ಇನ್ನಾರ ಬಳಿಯೂ ಇರಲು ಸಾಧ್ಯವಿಲ್ಲ ಎಂಬುದು ಆಮೇಲೆ ಓದುತ್ತ ಹೋದಂತೆ ಅರ್ಥವಾಯಿತು. ಮೆಗ್ನೀಸಿಯಂನ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಹೃದಯಾಘಾತವಾದ ಶಂಕೆಯಿದ್ದ 2,316 ಜನರ ಮೇಲೆ ನಡೆದ ಒಂದು ಪ್ರಯೋಗದ ಫಲಿತಾಂಶ 1992ರಲ್ಲಿ ಬಂತು. ಅರ್ಧದಷ್ಟು ಜನರಿಗೆ ರಕ್ತನಾಳದ ಮೂಲಕ ಮೆಗ್ನೀಸಿಯಂ ಕೊಟ್ಟರು. ಅವರಲ್ಲಿ ಸಾವು ಶೇ. 24ರಷ್ಟು ಕಡಿಮೆಯಾಯಿತು. ಅಗ್ಗದ ಲವಣವೊಂದು ಇಷ್ಟು ಜೀವ ಉಳಿಸುವುದಾದರೆ ಕೊಡದಿರುವುದೇ ಅಪರಾಧ ಎಂದು ಯಾರಾದರೂ ಆಗ ವಾದಿಸಿದ್ದರೆ ಎದುರಾಡುವುದು ಕಷ್ಟವಿತ್ತು. 1995ರಲ್ಲಿ ಐಸಿಸ್-4 ಎಂಬ ಭಾರಿ ಪ್ರಯೋಗದ ಫಲಿತಾಂಶ ಬಂತು. ಅದರಲ್ಲಿದ್ದವರು 58,050 ಜನ. ಮೆಗ್ನೀಸಿಯಂನಿಂದ ಸಾವು ಕಡಿಮೆಯಾಗಲಿಲ್ಲ. ತಡವಾಗಿ ಕೊಟ್ಟದ್ದರಿಂದ ಹೀಗಾಯಿತು, ಬೇಗ ಕೊಟ್ಟಿದ್ದರೆ ಕೆಲಸ ಮಾಡುತ್ತಿತ್ತು ಎಂದು ಕೆಲವರು ವಾದಿಸಿದರು. ಅದನ್ನು ಪರೀಕ್ಷಿಸಲು 6,213 ಜನರ ಮೇಲೆ ನಡೆದ ಮ್ಯಾಜಿಕ್ ಎಂಬ ಪ್ರಯೋಗದ ಫಲಿತಾಂಶ 2002ರಲ್ಲಿ ಬಂತು. ಬೇಗ ಕೊಟ್ಟರೂ ವ್ಯತ್ಯಾಸ ಕಾಣಲಿಲ್ಲ.

ಅದೇ 2002ರಲ್ಲಿ ಮ್ಯಾಗ್‌ಪೈ ಎಂಬ ಮತ್ತೊಂದು ಪ್ರಯೋಗವೂ ಪ್ರಕಟವಾಯಿತು. 33 ದೇಶಗಳ 10,141 ಮಹಿಳೆಯರು ಅದರಲ್ಲಿದ್ದರು. ಬಸುರಿಯರಲ್ಲಿ ರಕ್ತದೊತ್ತಡ ಏರಿ ಫಿಟ್ಸ್ ಬರುವ ಎಕ್ಲಾಂಪ್ಸಿಯಾ ಎಂಬ ಕಾಯಿಲೆಯನ್ನು ಮೆಗ್ನೀಸಿಯಂ ಸಲ್ಫೇಟ್ ತಡೆಯುತ್ತದೆಯೇ ಎಂಬುದು ಪ್ರಶ್ನೆ. ಮೆಗ್ನೀಸಿಯಂ ಸಿಗದವರಲ್ಲಿ ಶೇ. 1.9 ಜನರಿಗೆ ಫಿಟ್ಸ್ ಬಂತು, ಸಿಕ್ಕವರಲ್ಲಿ ಶೇ. 0.8. ಅರ್ಧಕ್ಕಿಂತ ಹೆಚ್ಚು ಇಳಿಕೆ. ಇವತ್ತು ನಮ್ಮ ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡುಗಳಲ್ಲೂ ಈ ಇಂಜೆಕ್ಷನ್ ಇಟ್ಟುಕೊಂಡಿರುವುದು ಇದಕ್ಕಾಗಿ. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಆ ಬಸುರಿಗೆ ಮೆಗ್ನೀಸಿಯಂ ಕಡಿಮೆಯಾಗಿದೆಯೇ ಎಂದು ಯಾರೂ ಮೊದಲು ಕೇಳುವುದಿಲ್ಲ. ರಕ್ತದಲ್ಲಿ ಸರಿಯಾಗಿದ್ದರೂ ಕೊಡುತ್ತಾರೆ, ಯಾಕೆಂದರೆ ಅಲ್ಲಿ ಅದು ಔಷಧ.

ಈ ಪ್ರಯೋಗಗಳನ್ನು ಐಸಿಯುನ ಅಂಕಿಗಳ ಪಕ್ಕದಲ್ಲಿಟ್ಟಾಗ ನನಗೆ ಹೊಳೆದದ್ದು ಇಷ್ಟು. ಕೊರತೆ ಇದೆ ಎಂಬುದು ಒಂದು ಮಾತು. ತುಂಬಿದರೆ ಒಳ್ಳೆಯದಾಗುತ್ತದೆ ಎಂಬುದು ಬೇರೆ ಮಾತು. ಮೊದಲನೆಯದು ನಿಜವಾದ ಮಾತ್ರಕ್ಕೆ ಎರಡನೆಯದು ನಿಜವಾಗಬೇಕಿಲ್ಲ, ಮೊದಲನೆಯದು ಇಲ್ಲದೆಯೂ ಎರಡನೆಯದು ನಿಜವಾಗಬಹುದು. ನಾವು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಮಗನಿಗೆ ತಂದೆಯ ಸಹವಾಸ ಕಡಿಮೆಯಾಗಿದೆ ಎಂದು ದುಬಾರಿ ಆಟಿಕೆ ತರುತ್ತೇವೆ. ಊರಲ್ಲಿ ಅಮ್ಮ ಒಬ್ಬಳೇ ಇದ್ದಾಳೆ ಎಂದು ದೊಡ್ಡ ಟಿವಿ ಕಳಿಸುತ್ತೇವೆ. ಕೊರತೆ ಕಂಡ ಕೂಡಲೇ ಏನಾದರೂ ಸುರಿಯುವ ಅವಸರ ಅದು. ಸುರಿದ ಮೇಲೆ ಲೆಕ್ಕ ಸರಿಹೋಯಿತು ಅನ್ನಿಸುತ್ತದೆ. ಕೊರತೆ ಯಾವುದಿತ್ತೋ ಅದು ಹಾಗೇ ಇರುತ್ತದೆ.

ಹಾಗಾದರೆ ಮೆಗ್ನೀಸಿಯಂ ನೋಡದೆ ಇದ್ದರೂ ನಡೆಯುತ್ತಿತ್ತೇ? ತುಂಬಿ ಪ್ರಯೋಜನವಾಗುವ ಖಾತರಿ ಇಲ್ಲದ ಮೇಲೆ ನೋಡುವ ಜವಾಬ್ದಾರಿ ಎಲ್ಲಿಂದ ಬರುತ್ತದೆ? ಇದು ಬರೇ ತರ್ಕದ ಆಟವಲ್ಲ. 'ನೋಡಿದ್ದರೂ ಏನೂ ಆಗುತ್ತಿರಲಿಲ್ಲ' ಎಂಬ ಮಾತಿನ ಹಿಂದೆ ಎಷ್ಟೋ ಉದಾಸೀನಗಳು ಅಡಗಿ ಕೂತಿರುತ್ತವೆ.

ನನಗೆ ಅನ್ನಿಸುವಂತೆ ನೋಡುವ ಕರ್ತವ್ಯ ಫಲದಿಂದ ಹುಟ್ಟುವುದಿಲ್ಲ. ಹಾಸಿಗೆಯ ಮೇಲಿರುವವನು ಹೇಳಿಕೊಳ್ಳಲಾರ. ಅವನ ಬಾಯಲ್ಲಿ ನಳಿಗೆ ಇದೆ, ಅಥವಾ ಎಚ್ಚರವಿಲ್ಲ. ಅಳುವ ಮಗುವಿಗೇ ಹಾಲು ಎಂಬ ಲೋಕದ ನಿಯಮ ಐಸಿಯುಗೆ ಹೊಂದುವುದಿಲ್ಲ. ಅಳಲಾರದವರನ್ನೇ ಅಲ್ಲಿ ಮಲಗಿಸಿರುವುದು. ಬೇರೆಯವರ ಕೈಗೆ ಪೂರ್ತಿಯಾಗಿ ಒಪ್ಪಿಸಿಕೊಂಡವನ ಬಗ್ಗೆ ಆ ಬೇರೆಯವರು ಮಾಡಬೇಕಾದ ಮೊದಲ ಕೆಲಸ ಅವನ ಸ್ಥಿತಿಯನ್ನು ತಿಳಿದುಕೊಳ್ಳುವುದು. ತಿಳಿದುಕೊಂಡ ಮೇಲೆ ಏನು ಮಾಡಬೇಕು ಎಂಬುದಕ್ಕೆ ಸಾಕ್ಷ್ಯ ಬೇಕು, ಅನುಭವ ಬೇಕು, ಕೆಲವೊಮ್ಮೆ ಏನೂ ಮಾಡದೆ ಇರುವ ಧೈರ್ಯವೂ ಬೇಕು. ತಿಳಿದುಕೊಳ್ಳುವುದಕ್ಕೆ ಇವೊಂದೂ ಬೇಡ. ತುಂಬುವ ಕರ್ತವ್ಯಕ್ಕೆ ಷರತ್ತುಗಳಿವೆ. ನೋಡುವ ಕರ್ತವ್ಯ ಅದಕ್ಕಿಂತ ಮೊದಲಿನದು.

ಕೆಳಗೆ ನಿಂತಿದ್ದ ಆ ಮಗನಿಗೆ ನಾನು ಹೇಳಿದ್ದು ಹೆಚ್ಚುಕಡಿಮೆ ಇದನ್ನೇ, ಇಷ್ಟು ಉದ್ದವಿಲ್ಲದೆ. ಮೊದಲೇ ನೋಡಬೇಕಾಗಿತ್ತು. ನೋಡಿದ್ದರೆ ಉಳಿಯುತ್ತಿದ್ದರೇ ಎಂದು ಯಾರೂ ಹೇಳಲಾರರು. ಎರಡೂ ನಿಜ. ಒಂದನ್ನು ಹಿಡಿದು ಇನ್ನೊಂದನ್ನು ಅಳಿಸಬೇಡ. ಆತ ತಲೆಯಾಡಿಸಿದ. ಸಮಾಧಾನವಾಯಿತೋ ಇಲ್ಲವೋ ನಾನು ಕೇಳಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆಯನ್ನು ನಾನೇ ಎತ್ತಬೇಕು. ನೋಡುವುದು ಕರ್ತವ್ಯ ಎಂದರೆ ಎಲ್ಲರಿಗೂ ಎಲ್ಲ ಪರೀಕ್ಷೆ ಮಾಡಿಸಬೇಕೇ? ಆಸ್ಪತ್ರೆಯ ಬಿಲ್ ಕಟ್ಟಲು ಬಳೆ ಮಾರಿದವರನ್ನು ಈ ಊರುಗಳಲ್ಲಿ ನಾವೆಲ್ಲ ನೋಡಿದ್ದೇವೆ. ಐದು ಪುಟದ ಬಿಲ್ಲಿನಲ್ಲಿ ಅರ್ಧ ಲ್ಯಾಬಿನ ಸಾಲುಗಳಿರುತ್ತವೆ. ಸಿಕ್ಕಸಿಕ್ಕದ್ದನ್ನೆಲ್ಲ ಅಳೆಯುವುದು ಗಮನವಲ್ಲ, ಬಲೆ ಬೀಸುವ ಕೆಲಸ. ಬಲೆಯಲ್ಲಿ ಬಿದ್ದ ಪ್ರತಿ ಕೆಂಪು ನಂಬರಿಗೂ ಒಂದೊಂದು ಬಾಟಲಿ ಏರಿಸುವುದು ರೋಗಿಯ ಸೇವೆಯಾಗದೆ ರಿಪೋರ್ಟಿನ ಸೇವೆಯಾಗುತ್ತದೆ. ಮೂತ್ರಪಿಂಡ ಸೋತವರಿಗೆ ಮೆಗ್ನೀಸಿಯಂ ಹೆಚ್ಚಾದರೆ ಉಸಿರೇ ನಿಲ್ಲಬಹುದು.

ಆದ್ದರಿಂದ ನೋಡುವುದಕ್ಕೂ ಒಂದು ಕ್ರಮ ಬೇಕು, ಮತ್ತು ಅದು ಈಗಾಗಲೇ ಇದೆ. ಮೆಗ್ನೀಸಿಯಂ ಸುಮ್ಮನೆ ಕಾಣೆಯಾಗುವುದಿಲ್ಲ, ಅದು ಹೋಗುವ ದಾರಿಗಳು ಗೊತ್ತಿವೆ. ಬಹುದಿನದ ಭೇದಿ. ಮೈಯ ನೀರಿಳಿಸಲು ಕೊಡುವ ಮೂತ್ರದ ಗುಳಿಗೆಗಳು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ. ವರ್ಷಗಟ್ಟಲೆ ಕುಡಿತ. ಕೆಲವು ಆ್ಯಂಟಿಬಯಾಟಿಕ್‌ಗಳು, ಕ್ಯಾನ್ಸರಿನ ಸಿಸ್ಪ್ಲಾಟಿನ್. ನಮ್ಮ ಮನೆಗಳಲ್ಲಿ ಬೆಳಗಾದರೆ ನುಂಗುವ 'ಗ್ಯಾಸಿನ ಗುಳಿಗೆ', ಅಂದರೆ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಜಾತಿಯವು, ಬಹುಕಾಲ ತೆಗೆದುಕೊಂಡರೆ ಮೆಗ್ನೀಸಿಯಂ ಇಳಿಸಬಹುದು ಎಂದು ಅಮೆರಿಕದ ಎಫ್‌ಡಿಎ 2011ರಲ್ಲಿ ಎಚ್ಚರಿಸಿತು. ಅವರು ಪರಿಶೀಲಿಸಿದ ಪ್ರಕರಣಗಳಲ್ಲಿ ಸುಮಾರು ಕಾಲು ಭಾಗದಲ್ಲಿ ಮೆಗ್ನೀಸಿಯಂ ಕೊಟ್ಟರಷ್ಟೇ ಸಾಲಲಿಲ್ಲ, ಗುಳಿಗೆಯನ್ನೇ ನಿಲ್ಲಿಸಬೇಕಾಯಿತು. ಮತ್ತೆ ಅದೇ ತೂತು ಕೊಡ. ಇಂಥ ಹಿನ್ನೆಲೆ ಇದ್ದವರಲ್ಲಿ, ಎಷ್ಟು ಕೊಟ್ಟರೂ ಪೊಟ್ಯಾಶಿಯಂ ಏರದವರಲ್ಲಿ ಮೆಗ್ನೀಸಿಯಂ ನೋಡುವುದು ಬಲೆ ಬೀಸುವುದಲ್ಲ. ಕೇಳಿ ತಿಳಿದು ನೋಡುವುದು.

ಕೇಳುವುದು ಯಾರನ್ನು? ಇಲ್ಲಿಗೆ ಬಂದರೆ ಬೆಂಚಿನ ಮೇಲೆ ಕೂತವರಿಗೂ ಒಂದು ಕೆಲಸ ಸಿಗುತ್ತದೆ. ಒಳಗಿರುವವನು ಆರು ತಿಂಗಳಿಂದ ಏನು ನುಂಗುತ್ತಿದ್ದ, ಎಷ್ಟು ದಿನ ಭೇದಿಯಾಗಿತ್ತು, ರಾತ್ರಿ ಎಷ್ಟು ಕುಡಿಯುತ್ತಿದ್ದ ಎಂಬುದು ಯಾವ ಯಂತ್ರಕ್ಕೂ ಗೊತ್ತಿಲ್ಲ, ಮನೆಯವರಿಗೆ ಗೊತ್ತು. ವಲಸೆ ಬಂದ ನಮ್ಮಲ್ಲಿ ಅದೂ ಹರಿದು ಹಂಚಿಹೋಗಿರುತ್ತದೆ. ಊರಿನ ಡಾಕ್ಟರು ಬರೆದ ಚೀಟಿ ಊರಲ್ಲೇ ಇರುತ್ತದೆ. ಇಲ್ಲಿ ಮೆಡಿಕಲ್ ಅಂಗಡಿಯವನು ಕೊಟ್ಟ ಗುಳಿಗೆಗೆ ಚೀಟಿಯೇ ಇಲ್ಲ. ಕಲ್ಯಾಣದ ರುಕ್ಮಿಣೀಬಾಯಿಗೋ ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆಗೋ ಕರೆದುಕೊಂಡು ಹೋದ ರೋಗಿಯನ್ನು ಕಳವೆಗೆ, ಅಲ್ಲಿಂದ ಸಾಯನ್‌ಗೆ ಒಯ್ಯುವ ಪ್ರಸಂಗ ಬಂದರೆ ಪ್ರತಿ ಮೆಟ್ಟಿಲಿನಲ್ಲೂ ಕತೆ ಮೊದಲಿಂದ ಶುರುವಾಗುತ್ತದೆ, ಪ್ರತಿ ಸಲವೂ ಅರ್ಧ ಬಿಟ್ಟುಹೋಗುತ್ತದೆ. ಮುದುಕರ ಗುಳಿಗೆಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಹೆಸರು ಬರೆದು ಇಟ್ಟರೆ ಅದು ಯಾವ ರಿಪೋರ್ಟಿಗೂ ಕಡಿಮೆಯಲ್ಲ. ಆರೋಗ್ಯ ಶಿಬಿರ ಮಾಡುವ ನಮ್ಮ ಕನ್ನಡ ಸಂಘಗಳು ಬಿಪಿ, ಶುಗರ್ ನೋಡುವ ಮೇಜಿನ ಪಕ್ಕದಲ್ಲಿ ಇನ್ನೊಂದು ಮೇಜು ಹಾಕಿ, ಬಂದವರ ಗುಳಿಗೆಗಳ ಹೆಸರನ್ನು ಒಂದು ಕಾರ್ಡಿನಲ್ಲಿ ಬರೆದುಕೊಡಬಹುದು.

ಹೆರಿಗೆ ವಾರ್ಡಿನ ನರ್ಸುಗಳು ಮೆಗ್ನೀಸಿಯಂ ಕೊಡುವ ರೀತಿ ನನಗೆ ಈ ಎಲ್ಲ ಯೋಚನೆಗಿಂತ ಸ್ಪಷ್ಟವಾಗಿ ಕಾಣುತ್ತದೆ. ಹಳೆಯ ಪದ್ಧತಿಯಲ್ಲಿ ನಾಲ್ಕು ಗಂಟೆಗೊಮ್ಮೆ ಇಂಜೆಕ್ಷನ್. ಪ್ರತಿ ಸಲ ಚುಚ್ಚುವ ಮುಂಚೆ ಆಕೆ ಮೂರು ಸಂಗತಿ ನೋಡುತ್ತಾಳೆ: ಮಂಡಿಯ ಕೆಳಗೆ ತಟ್ಟಿದರೆ ಕಾಲು ಎಗರುತ್ತದೆಯೇ, ನಿಮಿಷಕ್ಕೆ ಉಸಿರು ಹದಿನಾರಕ್ಕೆ ಕಡಿಮೆಯಾಗಿಲ್ಲವೇ, ಗಂಟೆಗೆ 30 ಮಿಲಿಲೀಟರಿನಷ್ಟಾದರೂ ಮೂತ್ರ ಬರುತ್ತಿದೆಯೇ. ಕಾಲು ಎಗರದಿದ್ದರೆ ಸಿರಿಂಜ್ ಕೆಳಗಿಡುತ್ತಾಳೆ. ಅದಕ್ಕೆ ಲ್ಯಾಬ್ ಬೇಡ, ಬಿಲ್ ಇಲ್ಲ. ನಾಲ್ಕು ಗಂಟೆ ಕಳೆದ ಮೇಲೆ ಬಂದು ಮತ್ತೆ ಮೊದಲಿಂದ ನೋಡುತ್ತಾಳೆ.